ಐದು ಸೆಂಟ್ಸ್ ಜಾಗ ಸರಿ, ದಾರಿ ಎಷ್ಟು ಅಡಿ?

ಜಾಗ ನೋಡಲಿಕ್ಕೆ ಹೋದ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸೆಂಟ್ಸಿಗೆ ಎಷ್ಟು? ಬಾವಿ ತೋಡಿದರೆ ನೀರು ಸಿಗ್ತದಾ? ಮಸೀದಿ, ಮದ್ರಸ ನಡೆದು ಹೋಗುವಷ್ಟು ಹತ್ತಿರ ಉಂಟಾ? ಶಾಲೆಯ ಬಸ್ಸು ಎಲ್ಲಿಯವರೆಗೆ ಬರ್ತದೆ? ಕನ್ವರ್ಶನ್ ಆಗಿದೆಯಾ? ಕೊನೆಯ ಪ್ರಶ್ನೆಗೆ ಬ್ರೋಕರ್ "ಎಲ್ಲ ಕ್ಲಿಯರ್ ಉಂಟು, ನೈನ್ ಇಲೆವೆನ್ ಮಾಡಿಸಿಯೇ ಕೊಡುವುದು" ಎಂದರೆ ಮುಗಿಯಿತು. ಅವತ್ತೇ ಸಂಜೆ ಗಲ್ಫಿನಲ್ಲಿರುವ ಮಗನಿಗೋ ಗಂಡನಿಗೋ ಫೋಟೋ ಹೋಗುತ್ತದೆ, ವಾರದೊಳಗೆ ಟೋಕನ್ ಹಣವೂ ಹೋಗುತ್ತದೆ.

ಆ ಐದು ಸೆಂಟ್ಸ್ ಒಂದು ದೊಡ್ಡ ಜಾಗದ ತುಂಡು. ಆ ದೊಡ್ಡ ಜಾಗವನ್ನು ಹೇಗೆ ತುಂಡು ಮಾಡಿದ್ದಾರೆ, ಅದರ ನಕ್ಷೆಯನ್ನು ಯಾವ ಕಚೇರಿ ನೋಡಿದೆ, ನೋಡಿ ಏನು ಷರತ್ತು ಹಾಕಿದೆ ಎಂದು ಕೇಳುವವರು ಬಹಳ ಕಡಿಮೆ. ಬ್ರೋಕರ್ ತೋರಿಸುವ ಬಣ್ಣದ ಪ್ರಿಂಟ್ ನೋಡಿ, ಅದರಲ್ಲಿ ನಮ್ಮ ಸೈಟ್ ನಂಬರಿಗೆ ಬೆರಳಿಟ್ಟು, ಮೂಲೆ ಸೈಟಾ ಅಲ್ಲವಾ ಎಂದು ನೋಡಿ ಸುಮ್ಮನಾಗುತ್ತೇವೆ. ನಮ್ಮ ಮನೆಯ ಮುಂದಿನ ಐವತ್ತು ವರ್ಷಗಳ ದಾರಿ, ನೀರು, ಕೆಸರು, ನೆರೆಹೊರೆಯ ಜಗಳ ಎಲ್ಲವೂ ಆ ನಕ್ಷೆ ಮೇಜಿನ ಮೇಲಿದ್ದ ಕೆಲವು ವಾರಗಳಲ್ಲಿ ತೀರ್ಮಾನವಾಗಿರುತ್ತದೆ.

ಮೊದಲು ಕಾಗದಗಳ ಗೊಂದಲ ಬಿಡಿಸಿಕೊಳ್ಳೋಣ. ಬೇರೆ ಬೇರೆ ಕಾಗದಗಳನ್ನು ನಮ್ಮಲ್ಲಿ ಒಂದೇ ಎಂದು ಮಾತಾಡುವ ರೂಢಿ ಉಂಟು. ಕನ್ವರ್ಶನ್ ಅಂದರೆ ಕೃಷಿ ಜಮೀನನ್ನು ಮನೆ, ಅಂಗಡಿ ಮುಂತಾದ ಬೇರೆ ಉಪಯೋಗಕ್ಕೆ ಬಳಸಲು ಸಿಗುವ ಅನುಮತಿ. ಇದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಗೆ ಸಂಬಂಧಿಸಿದ ವಿಷಯ. ಅದರ ಕ್ರಮ ಆಗಾಗ ಬದಲಾಗುತ್ತಿದೆ, ತಿರುಳು ಬದಲಾಗಿಲ್ಲ. 11ಇ ನಕ್ಷೆ ಅಂದರೆ ಒಂದು ಸರ್ವೆ ನಂಬರಿನ ಯಾವ ಭಾಗ ಮಾರಾಟಕ್ಕೋ ಪರಿವರ್ತನೆಗೋ ಬರುತ್ತದೆ ಎಂದು ಸರ್ವೆಯವರು ಅಳೆದು ಗುರುತಿಸಿ ಕೊಡುವ ನಕ್ಷೆ. ನೈನ್ ಇಲೆವೆನ್ ಅಂದರೆ ಗ್ರಾಮ ಪಂಚಾಯತ್ ಇ-ಸ್ವತ್ತು ಮೂಲಕ ಕೊಡುವ ನಮೂನೆ 9 ಮತ್ತು 11ಎ, ಅಂದರೆ ಪಂಚಾಯತ್ ಲೆಕ್ಕದ ಆಸ್ತಿ ದಾಖಲೆ. ಇವು ಯಾವುದೂ "ಈ ಹತ್ತು ಮನೆಗಳಿಗೆ ದಾರಿ ಸಾಕು, ಮಳೆ ನೀರು ಹೋಗಲಿಕ್ಕೆ ಜಾಗ ಉಂಟು" ಎಂದು ಹೇಳುವ ಕಾಗದ ಅಲ್ಲ.

ಅದನ್ನು ಹೇಳುವುದು ಲೇಔಟ್ ಅನುಮೋದನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಜಾಗವನ್ನು ನಿವೇಶನಗಳಾಗಿ ವಿಂಗಡಿಸುವವರು, ಖಾಸಗಿ ರಸ್ತೆ ಮಾಡುವವರು ಮೊದಲು ಯೋಜನಾ ಪ್ರಾಧಿಕಾರಕ್ಕೆ ನಕ್ಷೆ ಕೊಟ್ಟು ಮಂಜೂರಾತಿ ಪಡೆಯಬೇಕು. ಮಂಗಳೂರು, ಉಳ್ಳಾಲದ ಕಡೆ ಅದು ಮುಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ಬಂಟ್ವಾಳ, ಪುತ್ತೂರು, ಮೂಡುಬಿದಿರೆಗಳಿಗೆ ಅವರದೇ ಪ್ರಾಧಿಕಾರಗಳಿವೆ. ಈ ವ್ಯಾಪ್ತಿಯ ಹೊರಗಿನ ಹಳ್ಳಿಗಳಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿ ನೋಡುತ್ತದೆ.

ನಕ್ಷೆ ಒಳಗೆ ಹೋದ ಮೇಲೆ ಅವರು ನೋಡಬೇಕಾದ್ದು ಏನು? ಮೊದಲನೆಯದು ಆ ಸರ್ವೆ ನಂಬರು ಮಾಸ್ಟರ್ ಪ್ಲಾನಿನಲ್ಲಿ ಯಾವ ವಲಯದಲ್ಲಿದೆ ಎಂಬುದು. ನಕ್ಷೆಯಲ್ಲಿ ಹಳದಿ ಬಣ್ಣ ಇದ್ದರೆ ವಸತಿ ವಲಯ. ಹಸಿರು ಇದ್ದರೆ ಕೃಷಿಯೋ ಉದ್ಯಾನವೋ ಆಗಿರುತ್ತದೆ, ಅಲ್ಲಿ ಮನೆ ನಿವೇಶನದ ಮಾತು ಸುಲಭವಲ್ಲ. ಎರಡನೆಯದು ದಾರಿ. ಲೇಔಟಿನ ಒಳಗೆ ಮೂವತ್ತು ಅಡಿ ರಸ್ತೆ ತೋರಿಸಿ, ಮುಖ್ಯ ರಸ್ತೆಯಿಂದ ಅಲ್ಲಿಗೆ ಬರುವ ದಾರಿ ಎಂಟು ಅಡಿ ಇದ್ದರೆ ಒಳಗಿನ ಮೂವತ್ತು ಅಡಿಯಿಂದ ಏನು ಪ್ರಯೋಜನ? ಆ ಎಂಟು ಅಡಿಯೂ ಯಾರದು? ಸರಕಾರಿ ರಸ್ತೆಯಾ, ಪಕ್ಕದವರ ವರ್ಗ ಜಾಗದೊಳಗೆ ಹಾದುಹೋಗುವ ರೂಢಿಯ ದಾರಿಯಾ? ಆಮೇಲೆ ನೀರು, ಇಳಿಜಾರು, ತೆರೆದ ಜಾಗ. ಸ್ಥಳಕ್ಕೆ ಬಂದು ನೋಡಿದ ಮೇಲೆ ತಾತ್ಕಾಲಿಕ ಅನುಮೋದನೆ, ರಸ್ತೆ ಚರಂಡಿ ಕೆಲಸ, ರಸ್ತೆ ಮತ್ತು ಉದ್ಯಾನದ ಜಾಗವನ್ನು ಸರಕಾರಿ ಸಂಸ್ಥೆಗೆ ಉಚಿತವಾಗಿ ಬಿಟ್ಟುಕೊಡುವ ನೋಂದಾಯಿತ ಪತ್ರ, ಕೆಲಸ ಮುಗಿದಂತೆ ನಿವೇಶನಗಳ ಬಿಡುಗಡೆ. ಇದು ಕ್ರಮ.

ಈ ಕ್ರಮವನ್ನು ತಪ್ಪಿಸುವ ಆಸೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲಿಕ್ಕೆ ಒಂದು ಎಕರೆಯ ಲೆಕ್ಕ ಸಾಕು. ಎಕರೆ ಅಂದರೆ ನೂರು ಸೆಂಟ್ಸ್. ವಲಯ ನಿಯಮದಂತೆ ಉದ್ಯಾನ, ತೆರೆದ ಜಾಗಕ್ಕೆ ಸಾಮಾನ್ಯವಾಗಿ ಶೇ. 10, ನಾಗರಿಕ ಸೌಲಭ್ಯಕ್ಕೆ ಶೇ. 5 ಬಿಡಬೇಕು. ಅದರ ಮೇಲೆ ರಸ್ತೆ. ಎಲ್ಲ ಕಳೆದು ಐವತ್ತೈದೋ ಅರವತ್ತೋ ಸೆಂಟ್ಸ್ ಉಳಿದರೆ ಐದು ಸೆಂಟ್ಸಿನ ಹನ್ನೊಂದು, ಹನ್ನೆರಡು ನಿವೇಶನ ಆಗುತ್ತದೆ. ಅದೇ ಎಕರೆಯ ನಡುವೆ ಒಂದು ಇಕ್ಕಟ್ಟಿನ ಓಣಿ ಎಳೆದು ಉಳಿದದ್ದೆಲ್ಲ ಮಾರಿದರೆ ಹದಿನೆಂಟು ನಿವೇಶನ. ಸೆಂಟ್ಸಿಗೆ ಮೂರು ಲಕ್ಷ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೂ ಆರು ನಿವೇಶನದ ವ್ಯತ್ಯಾಸ ತೊಂಬತ್ತು ಲಕ್ಷ ಆಗುತ್ತದೆ! ಹಾಗಾಗಿ ಮಂಜೂರಾದ ಲೇಔಟಿನಲ್ಲಿ ಸೆಂಟ್ಸಿನ ಬೆಲೆ ಜಾಸ್ತಿ ಹೇಳಿದರೆ ಮುಖ ಸಿಂಡರಿಸುವ ಮುಂಚೆ ಸ್ವಲ್ಪ ಯೋಚಿಸಬೇಕು. ಅಲ್ಲಿ ನಮ್ಮ ಐದು ಸೆಂಟ್ಸಿನ ಜೊತೆಗೆ ರಸ್ತೆಯ, ಚರಂಡಿಯ, ಮಕ್ಕಳು ಆಡುವ ಜಾಗದ ಪಾಲಿಗೂ ಹಣ ಕೊಟ್ಟಿರುತ್ತೇವೆ. ಅಗ್ಗದ ಜಾಗದಲ್ಲಿ ಅದಕ್ಕೆ ಹಣ ಕೊಟ್ಟಿರುವುದಿಲ್ಲ, ಯಾಕೆಂದರೆ ಅದು ಅಲ್ಲಿ ಇಲ್ಲ.

ತಪ್ಪಿಸುವ ದಾರಿಯೂ ಎಲ್ಲರಿಗೂ ಗೊತ್ತಿರುವಂಥದ್ದೇ. ಲೇಔಟ್ ಎಂದು ಅರ್ಜಿ ಕೊಡುವುದೇ ಇಲ್ಲ. ಹತ್ತು ಸೆಂಟ್ಸ್ ಈ ವರ್ಷ ಒಬ್ಬರ ಹೆಸರಿನಲ್ಲಿ, ಇನ್ನು ಹತ್ತು ಸೆಂಟ್ಸ್ ಆರು ತಿಂಗಳು ಬಿಟ್ಟು ಮತ್ತೊಬ್ಬರ ಹೆಸರಿನಲ್ಲಿ, ಹೀಗೆ ಒಂದೊಂದೇ ತುಂಡಿಗೆ ಏಕ ನಿವೇಶನ ಎಂದು ಕಾಗದ ಮಾಡಿಸುವುದು. ಒಂದೊಂದು ತುಂಡೂ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಕಚೇರಿಯವರು ನೋಡುವುದೂ ಆ ತುಂಡನ್ನು ಮಾತ್ರ. ಹತ್ತು ವರ್ಷ ಕಳೆದು ನೋಡಿದರೆ ಅಲ್ಲಿ ಇಪ್ಪತ್ತು ಮನೆ, ಇಪ್ಪತ್ತು ಬಾವಿ, ಇಪ್ಪತ್ತು ಪಿಟ್ಟು, ಒಂದು ಓಣಿ. ಇದನ್ನು ಲೇಔಟ್ ಎಂದು ಯಾರೂ ಕರೆದಿಲ್ಲ, ಆದ್ದರಿಂದ ಲೇಔಟಿಗೆ ಬೇಕಾದ್ದನ್ನು ಯಾರೂ ಕೇಳಿಲ್ಲ.

ಬಾವಿ, ಪಿಟ್ಟಿನ ಮಾತು ಬಂತಲ್ಲ. ಐದು ಸೆಂಟ್ಸ್ ಅಂದರೆ 2178 ಚದರ ಅಡಿ. ಚೌಕವಾಗಿದ್ದರೆ ಒಂದು ಬದಿ ನಲವತ್ತಾರು, ನಲವತ್ತೇಳು ಅಡಿ. ಅದರಲ್ಲಿ ಮನೆ, ಕಾರು ನಿಲ್ಲಿಸುವ ಜಾಗ ಬಿಟ್ಟು ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಶೌಚದ ಪಿಟ್ಟು. ನಾವು ನಮ್ಮ ಬಾವಿಯಿಂದ ದೂರ ಎಂದು ಪಿಟ್ಟು ತೋಡಿದ ಮೂಲೆ ಪಕ್ಕದ ಮನೆಯ ಬಾವಿಯ ಮೂಲೆ ಆಗಿರುತ್ತದೆ. ಮುರಕಲ್ಲಿನ ತೂತುಗಳಲ್ಲಿ ನೀರು ಹೇಗೆ ಓಡುತ್ತದೆ ಎಂದು ಬಾವಿ ತೋಡುವವರನ್ನು ಕೇಳಿದರೆ ಗೊತ್ತಾಗುತ್ತದೆ. ಇಡೀ ಜಾಗದ ನಕ್ಷೆಯನ್ನು ಒಟ್ಟಿಗೆ ನೋಡಿದರೆ ಬಾವಿಗಳು ಒಂದು ಸಾಲು, ಪಿಟ್ಟುಗಳು ಇನ್ನೊಂದು ಸಾಲು ಎಂದು ಹೇಳಬಹುದು, ಅಥವಾ ಎಲ್ಲರಿಗೂ ಸೇರಿ ಒಂದು ಬಾವಿ ಎನ್ನಬಹುದು. ಒಂದೊಂದೇ ತುಂಡು ನೋಡಿದರೆ ಅದು ಆಗುವ ಕೆಲಸ ಅಲ್ಲ.

ಲೇಔಟ್ ಮಾಡುವವರನ್ನು ಮಾತ್ರ ದೂರಿದರೆ ನ್ಯಾಯ ಆಗುವುದಿಲ್ಲ. ನಮ್ಮ ಮನೆಗಳಲ್ಲೇ ಇದು ಪಾಲಿನ ಹೆಸರಿನಲ್ಲಿ ನಡೆಯುತ್ತದೆ. ಉಪ್ಪ ತೀರಿಹೋದ ಮೇಲೆ ನಲವತ್ತು ಸೆಂಟ್ಸ್ ಜಾಗ ಉಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳ ಪಾಲಾಗುತ್ತದೆ. ಯಾರಿಗೆ ಎಷ್ಟು ಎಂಬುದರಲ್ಲಿ ಎಲ್ಲರೂ ಬಹಳ ಜಾಗ್ರತೆ ಇರುತ್ತಾರೆ. ಕಾಲು ಸೆಂಟ್ಸಿಗೂ ಮಾತು ಬರುತ್ತದೆ. ಹಿಂದಿನ ಪಾಲಿನವರು ಎಲ್ಲಿಂದ ಬರಬೇಕು ಎಂದು ಕೇಳಿದರೆ ಮಾತ್ರ "ಅದು ನಮ್ಮದೇ ಅಲ್ವಾ, ಹೋಗಲಿಕ್ಕೆ ಬಿಡದೆ ಇರ್ತೇವಾ?" ಎಂಬ ಉತ್ತರ. ಬಿಡದೆ ಇರುವುದಿಲ್ಲ, ನಿಜ. ಆದರೆ ಮುಂದಿನ ಪಾಲಿನವರು ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಜಾಗ ಮಾರಿದ ದಿನ ಅದು "ನಮ್ಮದೇ" ಆಗಿ ಉಳಿಯುವುದಿಲ್ಲ. ಕೊಂಡವರು ಅಳತೆ ಮಾಡಿ ಕಾಂಪೌಂಡ್ ಕಟ್ಟುತ್ತಾರೆ. ಆಮೇಲೆ ಹಿಂದಿನ ಮನೆಗೆ ಆಂಬುಲೆನ್ಸ್ ಬರುವುದಿಲ್ಲ, ಗ್ಯಾಸ್ ಸಿಲಿಂಡರ್ ತಲೆಯ ಮೇಲೆ ಹೊತ್ತು ತರಬೇಕು, ಮಯ್ಯಿತ್ ಹೊತ್ತವರು ಅಡ್ಡ ತಿರುಗಿ ನಡೆಯಬೇಕು. ಅಣ್ಣತಮ್ಮಂದಿರು ಕೋರ್ಟಿನಲ್ಲಿ ಎದುರುಬದುರು ನಿಂತ ಪ್ರಕರಣಗಳಲ್ಲಿ ದಾರಿಯದ್ದು ಎಷ್ಟಿದೆ ಎಂದು ಯಾವ ವಕೀಲರನ್ನೂ ಕೇಳಿ ನೋಡಬಹುದು. ದಾರಿಯ ಹಕ್ಕನ್ನು ರೂಢಿಯ ಮೇಲೆ ಸಾಧಿಸಬೇಕಾದರೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ 20 ವರ್ಷ ಅಡೆತಡೆ ಇಲ್ಲದೆ ಬಳಸಿದ್ದೇವೆ ಎಂದು ತೋರಿಸಬೇಕಾಗುತ್ತದೆ. ಪಾಲುಪತ್ರದಲ್ಲಿ "ಇಷ್ಟು ಅಡಿ ಅಗಲದ ದಾರಿ, ಇಲ್ಲಿಂದ ಇಲ್ಲಿಯವರೆಗೆ, ಎಲ್ಲ ಪಾಲುದಾರರಿಗೆ ಮತ್ತು ಅವರಿಂದ ಕೊಂಡವರಿಗೆ" ಎಂದು ಬರೆಸಿ, ಸ್ಕೆಚ್ಚಿನಲ್ಲಿ ಗುರುತು ಮಾಡಿಸಿದರೆ ಆ 20 ವರ್ಷದ ತಲೆನೋವೇ ಇಲ್ಲ. ಬರೆಯುವ ದಿನ ಎರಡು ಸಾಲು ಹೆಚ್ಚು, ಅಷ್ಟೆ.

ಇದಕ್ಕೆ ಎದುರಾಗಿ ಕಾಟಿಪಳ್ಳ, ಕೃಷ್ಣಾಪುರವನ್ನು ನೋಡಿ. ಪಣಂಬೂರಿನ ಕಡೆ ಬಂದರಿಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳನ್ನು ನೆಲೆಸಿದ್ದು ಅಲ್ಲಿ. ಬಿಟ್ಟು ಬಂದ ಸಂಕಟ ಬೇರೆ, ಅದನ್ನು ಸಣ್ಣದು ಮಾಡುವಂತಿಲ್ಲ. ಆದರೆ ಬ್ಲಾಕ್ ಲೆಕ್ಕದಲ್ಲಿ ವಿಂಗಡಿಸಿದ ಊರಾದ್ದರಿಂದ ಇವತ್ತಿಗೂ "ಏಳನೇ ಬ್ಲಾಕ್" ಎಂದರೆ ಆಟೋದವನಿಗೆ ಸಾಕು. ಮೊದಲು ರಸ್ತೆ ಎಳೆದು ಆಮೇಲೆ ಮನೆ ಕಟ್ಟಿದ ಊರಿಗೂ ಮೊದಲು ಮನೆ ಕಟ್ಟಿ ಆಮೇಲೆ ರಸ್ತೆ ಹುಡುಕುವ ಊರಿಗೂ ಇರುವ ವ್ಯತ್ಯಾಸ ಅಲ್ಲಿ ಒಂದು ಸುತ್ತು ಹಾಕಿದರೆ ಕಾಣುತ್ತದೆ.

ಇನ್ನು ಗುಡ್ಡದ ವಿಷಯ. ಇದನ್ನು ಬರೆಯಲಿಕ್ಕೆ ಮನಸ್ಸಿಗೆ ಕಷ್ಟ, ಬರೆಯದೆ ಇರಲಿಕ್ಕೂ ಆಗುವುದಿಲ್ಲ. 2020ರ ಜುಲೈಯಲ್ಲಿ ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ಮಣ್ಣಿನಡಿ ಹೋದರು. 2024ರ ಜೂನ್ ಕೊನೆಯಲ್ಲಿ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಬಿದ್ದು ಒಂದೇ ಮನೆಯ ನಾಲ್ವರು ಹೋದರು. 2025ರ ಮೇ 30ರಂದು ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳು ಹೋದರು. ಆ ಮನೆಗಳ ಕಾಗದಪತ್ರದ ಬಗ್ಗೆ ಇಲ್ಲಿ ಒಂದು ಮಾತೂ ಆಡುತ್ತಿಲ್ಲ. ಮನೆ ಕಳೆದುಕೊಂಡವರ ಮೇಲೆ ಬೆರಳು ತೋರಿಸುವುದು ಸಲ್ಲ. ಹೇಳಬೇಕಾದ್ದು ಇಷ್ಟೇ: ನಮ್ಮ ಊರಿನಲ್ಲಿ ಮೇಲಿನ ಮನೆ, ಕೆಳಗಿನ ಮನೆ ಎಂಬುದು ಬರಿಯ ಗುರುತಿನ ಮಾತಲ್ಲ.

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದ ಮೇಲೆ ಗಟ್ಟಿ ಮುರಕಲ್ಲು, ಅದರಡಿಯಲ್ಲಿ ಶೇಡಿ ಮಣ್ಣು. ಒಣಗಿದ್ದಾಗ ಆ ಮಣ್ಣು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದ ಮೇಲೆ ಬೆಣ್ಣೆ. ಬೇಸಿಗೆಯಲ್ಲಿ ಹಿಟಾಚಿ ತಂದು ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸಮತಟ್ಟು ಮಾಡಿ ಸೈಟ್ ತೋರಿಸುವಾಗ ಎಲ್ಲ ಚೆಂದವೇ. ಎರಡು ಸೈಟುಗಳ ನಡುವೆ ಹನ್ನೆರಡು ಅಡಿ ಎತ್ತರ ಇದ್ದರೆ ಅದಕ್ಕೆ ತಡೆಗೋಡೆ ಕಟ್ಟಬೇಕಾದವರು ಯಾರು? ಮೇಲಿನವರಾ, ಕೆಳಗಿನವರಾ, ಕಡಿದು ಮಾರಿ ಹೋದವರಾ? ಮೇಲಿನವರು ಬರಿಯ ಕೆಂಪುಕಲ್ಲಿನ ಕಾಂಪೌಂಡ್ ಕಟ್ಟಿ, ಅದರ ಹಿಂದೆ ಮಣ್ಣು ತುಂಬಿಸಿ ಅಂಗಳ ಮಾಡುತ್ತಾರೆ. ಕಾಂಪೌಂಡ್ ಕಟ್ಟುವುದು ನಾಯಿ, ದನ ಬಾರದಂತೆ. ಮಣ್ಣಿನ ಭಾರ, ಅದರೊಳಗೆ ನಿಂತ ನೀರಿನ ಒತ್ತಡ ತಡೆಯುವ ಗೋಡೆ ಬೇರೆಯೇ. ಅದಕ್ಕೆ ಬುಡದಲ್ಲಿ ಅಗಲ ಬೇಕು, ನೀರು ಹೊರಬರಲಿಕ್ಕೆ ತೂತು ಬೇಕು, ಎಂಜಿನಿಯರರ ಲೆಕ್ಕ ಬೇಕು. ನಕ್ಷೆ ಪರಿಶೀಲಿಸುವಾಗ "ಕಡಿದ ಎತ್ತರ ಎಷ್ಟು, ತಡೆಗೋಡೆ ಯಾರ ಖರ್ಚಿನಲ್ಲಿ, ನಿವೇಶನ ಮಾರುವ ಮೊದಲಾ ನಂತರವಾ" ಎಂದು ಒಂದು ಷರತ್ತು ಬರೆಯಿಸಿದರೆ ಅದು ಕೆಳಗಿನ ಮನೆಯವರ ಜೀವದ ಮಾತು. ಆ ಕೆಳಗಿನ ಮನೆಯವರು ಆಗ ಯಾರೆಂದೇ ಗೊತ್ತಿರುವುದಿಲ್ಲ. ಅವರ ಪರವಾಗಿ ಕೇಳುವವರು ಕಚೇರಿಯವರು ಮಾತ್ರ, ಇಲ್ಲವೇ ಊರಿನವರು.

ಬೈಲಿನ ಕಡೆ ತೊಂದರೆ ಬೇರೆ ತರದ್ದು. ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡುವಾಗ ಮೊದಲು ಹೋಗುವುದು ತೋಡು. ಬೇಸಿಗೆಯಲ್ಲಿ ತೋಡು ಒಣಗಿ ಕಸ ಬಿದ್ದ ಹೊಂಡದ ಹಾಗೆ ಕಾಣುತ್ತದೆ. ಅದನ್ನು ಮುಚ್ಚಿ ಎರಡಡಿಯ ಪೈಪ್ ಹಾಕಿ "ನೀರು ಇದರಲ್ಲಿ ಹೋಗ್ತದೆ" ಎನ್ನುತ್ತಾರೆ. ಮೇಲಿನ ಪದವಿನ ನೀರೆಲ್ಲ ಒಟ್ಟಾಗಿ ಇಳಿದು ಬರುವ ರಾತ್ರಿ ಆ ಪೈಪಿನ ಗಾತ್ರ ಗೊತ್ತಾಗುವುದು ಕೊನೆಯ ಸಾಲಿನ ಮನೆಯವರಿಗೆ.

ಕುಮ್ಕಿಯ ವಿಷಯ ಒಂದು ಮಾತು. ವರ್ಗ ಜಾಗದ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಅನುಕೂಲ ವರ್ಗದಾರರಿಗೆ ಹಿಂದಿನಿಂದ ಇದೆ, ಅದನ್ನು ಕುಮ್ಕಿ ಎನ್ನುತ್ತೇವೆ. ಅನುಕೂಲ ಬೇರೆ, ಮಾಲಕತ್ವ ಬೇರೆ. ಆ ಜಾಗ ಸರಕಾರದ್ದೇ. "ಹಿಂದೆ ಮೂರು ಸೆಂಟ್ಸ್ ಕುಮ್ಕಿ ಎಕ್ಸ್‌ಟ್ರಾ ಸಿಗ್ತದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ, ಹಣವನ್ನಂತೂ ಕೊಡಲೇಬೇಡಿ. ಲೇಔಟಿನ ರಸ್ತೆಯನ್ನೇ ಕುಮ್ಕಿಯ ಮೇಲೆ ತೋರಿಸುವುದೂ ಉಂಟು.

ಉದ್ಯಾನಕ್ಕೆ ಬಿಟ್ಟ ಜಾಗವನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. "ಹಳ್ಳಿಯಲ್ಲಿ ಪಾರ್ಕ್ ಯಾಕೆ ಮಾರ್ರೆ?" ಎಂದು ನಗುತ್ತಾರೆ. ಪಾರ್ಕ್ ಅಂದರೆ ಬೆಂಚು, ಹೂವಿನ ಗಿಡ ಆಗಬೇಕೆಂದಿಲ್ಲ. ಮಕ್ಕಳು ರಸ್ತೆಗೆ ಹೋಗದೆ ಕ್ರಿಕೆಟ್ ಆಡುವ, ಹೆಂಗಸರು ಸಂಜೆ ಹತ್ತು ನಿಮಿಷ ನಡೆಯುವ, ಮದುವೆಯ ದಿನ ಪೆಂಡಾಲ್ ಹಾಕುವ ಜಾಗ ಎಂದುಕೊಳ್ಳಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಎಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳೇ ಕೋರ್ಟಿಗೆ ಹೋದರು. ನಿಮಗೆ ಇದರಲ್ಲಿ ಏನು ಕೆಲಸ ಎಂಬ ವಾದವೂ ಎದ್ದಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ಇವತ್ತಿಗೂ ಅದನ್ನು ಉದಾಹರಿಸುತ್ತಾರೆ. ಆಸ್ಪತ್ರೆ ಒಳ್ಳೆಯದೇ, ಆದರೆ ಮಂಜೂರಾದ ನಕ್ಷೆಯಲ್ಲಿ ಉದ್ಯಾನ ಎಂದಿದ್ದರೆ ಅದು ಉದ್ಯಾನವೇ.

ಈ ತೀರ್ಪು ನಮ್ಮವರಿಗೆ ಇನ್ನೊಂದು ಕಾರಣಕ್ಕೆ ಮುಖ್ಯ. ನಮ್ಮ ಕಡೆ ಜಾಗ ಮಾರುವಾಗ "ಒಳಗೆ ಮಸೀದಿಗೆ ಹತ್ತು ಸೆಂಟ್ಸ್ ಬಿಟ್ಟಿದ್ದೇವೆ" ಎಂಬ ಮಾತು ಬಹಳ ಓಡುತ್ತದೆ. ಕೇಳಿದ ಕೂಡಲೇ ಮನಸ್ಸು ಕರಗುತ್ತದೆ. ಆ ಹತ್ತು ಸೆಂಟ್ಸ್ ಯಾವುದು ಎಂದು ನಕ್ಷೆಯಲ್ಲಿ ನೋಡಬೇಕು. ಅದು ನಾಗರಿಕ ಸೌಲಭ್ಯದ ನಿವೇಶನವಾದರೆ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕಾದ ಜಾಗ, ಅದನ್ನು ಯಾವ ಸಂಸ್ಥೆಗೆ ಕೊಡಬೇಕೆಂದು ನಿಯಮದಂತೆ ಹಂಚುವುದು ಪ್ರಾಧಿಕಾರ. ಮಾರುವವರ ಕೈಯಲ್ಲಿ ದಾನ ಮಾಡಲಿಕ್ಕೆ ಅದು ಇಲ್ಲ. ಉದ್ಯಾನದ ಜಾಗವಾದರೆ ಇನ್ನೂ ಕಷ್ಟ. ಮಾರುವವರಿಗೆ ನಿಜವಾಗಿ ಮನಸ್ಸಿದ್ದರೆ ತನ್ನ ನಿವೇಶನಗಳಲ್ಲೇ ಒಂದನ್ನು ಜಮಾಅತ್ ಹೆಸರಿಗೆ ನೋಂದಣಿ ಮಾಡಿ ಕೊಡಲಿ. ಬಾಯಿಮಾತಿನ ಮೇಲೆ ಕಟ್ಟಡ ಎಬ್ಬಿಸಿ ಆಮೇಲೆ ನೋಟಿಸು, ತಡೆಯಾಜ್ಞೆ, ಊರಲ್ಲಿ ಗಲಾಟೆ ಎಂದು ಸಿಕ್ಕಿಬೀಳುವುದು ಜಮಾಅತಿನ ಹಿರಿಯರು. ಮಾರಿದವರು ಅಷ್ಟರಲ್ಲಿ ಇನ್ನೊಂದು ಊರಲ್ಲಿ ಜಾಗ ನೋಡುತ್ತಿರುತ್ತಾರೆ.

"ಮುಂದೆ ಅಕ್ರಮ ಸಕ್ರಮ ಬರ್ತದೆ, ಆಗ ಸರಿ ಮಾಡಿಸುವ" ಎಂಬುದು ಇನ್ನೊಂದು ಸಮಾಧಾನ. ರಾಜ್ಯದ ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಈಗ ಬಿ ಖಾತೆಯ ಸುದ್ದಿ ಜೋರಾಗಿದೆ. ಪಂಚಾಯತಿನಲ್ಲಿ ನಮೂನೆ 11ಬಿ ಎನ್ನುವುದೂ ಅದೇ ಜಾತಿಯದ್ದು. ಅದು ತೆರಿಗೆ ಕಟ್ಟಲಿಕ್ಕೆ, ದಾಖಲೆಯೊಳಗೆ ಬರಲಿಕ್ಕೆ ಸಹಾಯ ಆಗಬಹುದು. ಓಣಿಯನ್ನು ಅಗಲ ಮಾಡುವುದಿಲ್ಲ, ಮುಚ್ಚಿದ ತೋಡನ್ನು ತೆರೆಯುವುದಿಲ್ಲ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ತಿರುಗಿಸಿ ನೋಡುವುದೂ ಎ ಅಥವಾ ಬಿ ಎಂಬುದನ್ನೇ.

ಕಚೇರಿಗಳ ವಿಳಂಬದ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ ಸತ್ಯ ಆಗುತ್ತದೆ. ಐದು ಸೆಂಟ್ಸ್ ಜಾಗಕ್ಕೆ ನೈನ್ ಇಲೆವೆನ್ ಮಾಡಿಸಲು ಪಂಚಾಯತ್, ತಾಲೂಕು ಕಚೇರಿ, ಸರ್ವೆ, ಪ್ರಾಧಿಕಾರ ಎಂದು ತಿಂಗಳುಗಟ್ಟಲೆ ಅಲೆದವರ ಗೋಳು ಸುಳ್ಳಲ್ಲ. ಎರಡು ತಿಂಗಳ ರಜೆಯಲ್ಲಿ ಬಂದವರು ಸರ್ವರ್ ಡೌನ್ ಎಂಬ ಬೋರ್ಡ್ ನೋಡಿಯೇ ವಾಪಸು ವಿಮಾನ ಹತ್ತುತ್ತಾರೆ. ನಿಯಮ ಪಾಲಿಸುವವರಿಗೆ ಒಂದು ವರ್ಷ, ತಪ್ಪಿಸುವವರಿಗೆ ಒಂದು ತಿಂಗಳು ಎಂದಾದರೆ ಜನ ಎತ್ತ ಹೋಗುತ್ತಾರೆ? ಇದು ಸರಕಾರ ಉತ್ತರ ಹೇಳಬೇಕಾದ ಪ್ರಶ್ನೆ. ನಮ್ಮ ಶಾಸಕರು, ಪಂಚಾಯತ್ ಸದಸ್ಯರು ಕೇಳುತ್ತಿರುವುದೂ ಹೆಚ್ಚಾಗಿ ಬೇಗ ಕೊಡಿ ಎಂದೇ. ಬೇಗ ಕೊಡಿ ಎಂದು ಕೇಳುವುದು ಸರಿ. ಅದರ ಜೊತೆಗೆ ಸರಿಯಾಗಿ ನೋಡಿ ಕೊಡಿ ಎಂದೂ ಕೇಳಿದವರು ಕಡಿಮೆ. ಅರ್ಜಿ ಬೇಗ ವಿಲೇವಾರಿ ಆಗಬೇಕು ಎಂದರೆ ಸ್ಥಳಕ್ಕೆ ಬರುವ ನಗರ ಯೋಜಕರು, ಸರ್ವೆಯವರು ಸಾಕಷ್ಟು ಇರಬೇಕು. ಬಾರದೆಯೇ ಸಹಿ ಹಾಕುವುದು ಬೇಗ ಆಗುವುದಲ್ಲ.

ಕೊಳ್ಳುವವರ ಕೈಯಲ್ಲಿ ಇನ್ನೊಂದು ಕಾನೂನು ಇದೆ, ನಮ್ಮಲ್ಲಿ ಬಳಕೆ ಕಡಿಮೆ. ರೇರಾ ಎಂದು ಕರೆಯುವ 2016ರ ಕೇಂದ್ರ ಕಾಯ್ದ ಫ್ಲಾಟಿಗೆ ಮಾತ್ರ ಎಂದು ತಿಳಿದವರು ಹೆಚ್ಚು. ನಿವೇಶನಕ್ಕೂ ಅನ್ವಯಿಸುತ್ತದೆ. ಅಭಿವೃದ್ಧಿ ಮಾಡುವ ಜಾಗ 500 ಚದರ ಮೀಟರಿಗಿಂತ, ಅಂದರೆ ಸುಮಾರು ಹನ್ನೆರಡು ಸೆಂಟ್ಸಿಗಿಂತ ಹೆಚ್ಚಿದ್ದರೆ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮಂಜೂರಾದ ಲೇಔಟ್ ನಕ್ಷೆಯನ್ನು ಆಮೇಲೆ ಬದಲಾಯಿಸಬೇಕಾದರೆ ಕೊಂಡವರಲ್ಲಿ ಮೂರನೇ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಬೇಕು. ವಾಟ್ಸ್ಆ್ಯಪಿನಲ್ಲಿ ಬರುವ ಲೇಔಟ್ ಜಾಹೀರಾತಿನಲ್ಲಿ ರೇರಾ ನಂಬರ್ ಇದೆಯಾ ಎಂದು ನೋಡಲಿಕ್ಕೆ ಅರ್ಧ ನಿಮಿಷ ಸಾಕು.

ಜುಬೈಲಿನಲ್ಲಿ ಕೂತವರೂ ಮೊಬೈಲಿನಲ್ಲೇ ಇಷ್ಟು ಮಾಡಬಹುದು. ದಿಶಾಂಕ್ ಆ್ಯಪಿನಲ್ಲಿ ಲೊಕೇಶನ್ ಹಾಕಿದರೆ ಯಾವ ಸರ್ವೆ ನಂಬರು, ಸರಕಾರಿ ಜಾಗವಾ ಎಂದು ಕಾಣುತ್ತದೆ. ಭೂಮಿ ತಾಣದಲ್ಲಿ ಆರ್‌ಟಿಸಿ, ಕಾವೇರಿಯಲ್ಲಿ ಋಣಭಾರ ಪತ್ರ ಸಿಗುತ್ತದೆ. ಊರಲ್ಲಿರುವ ಉಮ್ಮನನ್ನೋ ಹೆಂಡತಿಯನ್ನೋ ಒಂಟಿಯಾಗಿ ಬ್ರೋಕರ್ ಜೊತೆ ಕಳಿಸಿ "ನಿಂಗೆ ಸರಿ ಕಂಡ್ರೆ ಸರಿ" ಎನ್ನುವ ಬದಲು, ಲೇಔಟ್ ಅನುಮೋದನೆಯ ಆದೇಶ ಮತ್ತು ಸೀಲು ಇರುವ ನಕ್ಷೆಯ ಫೋಟೋ ಮೊದಲು ಕಳಿಸಲು ಹೇಳಿ. ರಸ್ತೆ, ಉದ್ಯಾನ ಬಿಟ್ಟುಕೊಟ್ಟ ನೋಂದಾಯಿತ ಪತ್ರವನ್ನೂ ಕೇಳಿ. ಅದು ಆಗದಿದ್ದರೆ ರಸ್ತೆಯ ಜಾಗ ಆರ್‌ಟಿಸಿಯಲ್ಲಿ ಇನ್ನೂ ಹಳೆ ಮಾಲಕರ ಹೆಸರಿನಲ್ಲೇ ಇರುತ್ತದೆ, ನಾಳೆ ಅವರ ಮಕ್ಕಳು ಬಂದು ಇದು ನಮ್ಮದು ಎಂದರೆ ಆಶ್ಚರ್ಯಪಡುವಂತಿಲ್ಲ. ಪಂಚಾಯತಿನವರು ಅಂಥ ರಸ್ತೆಗೆ ಕಾಂಕ್ರೀಟ್ ಹಾಕಲು ಹಿಂಜರಿಯುವುದೂ ಇದೇ ಕಾರಣಕ್ಕೆ.

ಜಾಗ ಕೊಳ್ಳದ, ಆದರೆ ಪಕ್ಕದಲ್ಲಿ ಲೇಔಟ್ ಏಳುತ್ತಿರುವ ಮನೆಯವರು ಏನು ಮಾಡಬಹುದು? ನಮ್ಮಲ್ಲಿ ಲೇಔಟ್ ನಕ್ಷೆ ಬಂದಾಗ ನೆರೆಹೊರೆಯವರನ್ನು ಕರೆದು ಕೇಳುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಸಾರ್ವಜನಿಕರ ಆಕ್ಷೇಪ ಕರೆಯುವುದು ಮಾಸ್ಟರ್ ಪ್ಲಾನ್ ಕರಡು ಬಂದಾಗ, ಆಗ ಪತ್ರಿಕೆಯ ಆ ಪ್ರಕಟಣೆಯನ್ನು ನಾವು ಓದದೆ ಮಡಚಿಡುತ್ತೇವೆ. ಹಾಗೆಂದು ಬಾಗಿಲು ಮುಚ್ಚಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ನಮ್ಮ ಹೆಂಗಸರು ಅಲ್ಲಿ ರೇಷನ್ ಕಾರ್ಡಿನ ವಿಷಯ ಬಿಟ್ಟು ಬೇರೆ ಮಾತಾಡಿದ್ದು ಅಪರೂಪ. ನೀರು ನುಗ್ಗಿದರೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಹಾಕುವವರು ಅವರೇ, ತೋಡಿನ ಮಾತು ಅವರೇ ಎತ್ತಿದರೆ ಸಭೆ ಕೇಳುತ್ತದೆ. ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅನುಮೋದಿತ ನಕ್ಷೆ ಮತ್ತು ಷರತ್ತುಗಳ ಪ್ರತಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ಮಳೆಗಾಲದಲ್ಲಿ ಜಾಗ ನೋಡಲಿಕ್ಕೆ ಯಾರೂ ಹೋಗುವುದಿಲ್ಲ, ಚಪ್ಪಲಿ ಕೆಸರಾಗುತ್ತದೆ ಎಂದು. ನಿಜವಾಗಿ ಹೋಗಬೇಕಾದ್ದು ಜುಲೈಯಲ್ಲೇ, ರಾತ್ರಿಯಿಡೀ ಸುರಿದು ಬೆಳಗ್ಗೆ ಸ್ವಲ್ಪ ಬಿಟ್ಟ ಹೊತ್ತಿಗೆ. ನಕ್ಷೆಯ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಅದರ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಆ ಗೆರೆ ಯಾವುದಾದರೂ ಸೈಟ್ ನಂಬರಿನ ಮೇಲೆ ಹಾದುಹೋದರೆ ಅದನ್ನೇ ಅರ್ಜಿಗೆ ಅಂಟಿಸಿ ಪಂಚಾಯತ್ ಮತ್ತು ಪ್ರಾಧಿಕಾರ ಎರಡಕ್ಕೂ ಕೊಡಿ. ಕೊಟ್ಟದ್ದಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಮುದ್ರೆ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.